ಸ್ಪ್ರಿಂಗನ್ನು ಆಕ್ಸಲ್ ಮೇಲೆ ಏರಿಸದೆ ಜಿಪ್ಸಿಯನ್ನು ಎತ್ತರಿಸಿದ ನನ್ನ ಅನುಭವ

ಮಾರುತಿ ಜಿಪ್ಸಿ ಜೀಪನ್ನು ಎತ್ತರಿಸಲು ಉಕ್ಕಿನ ಪಟ್ಟಿಗಳ ಕಟ್ಟಾದ ಲೀಫ್ ಸ್ಪ್ರಿಂಗನ್ನು ಗಾಲಿಗಳ ಅಚ್ಚಾದ ಆಕ್ಸಲ್‌ನ ಕೆಳಗಿನಿಂದ ಮೇಲಕ್ಕೆ ತರುವುದೊಂದೇ ದಾರಿ ಎಂದು ಮೈಸೂರಿನ ಆಫ್‌ರೋಡ್ ಗೆಳೆಯರೆಲ್ಲ ಹೇಳುತ್ತಿದ್ದರು. ಅದರಿಂದ ಒಂದೇ ಸಲಕ್ಕೆ ಐದು ಇಂಚಿನಷ್ಟು ಎತ್ತರ ಸಿಗುವುದು ನಿಜ. ಆದರೆ ಸ್ಟೀರಿಂಗಿನಿಂದ ಗಾಲಿಗೆ ಹೋಗುವ ಸರಳಾದ ಡ್ರ್ಯಾಗ್ ಲಿಂಕ್‌ನ ಕೋನ ಕೆಟ್ಟು, ಗಾಲಿ ಹಳ್ಳಕ್ಕಿಳಿದಾಗಲೆಲ್ಲ ಸ್ಟೀರಿಂಗ್ ತಾನಾಗಿ ಎಳೆಯುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಾದ ಕ್ರಾಸ್‌ಗಳು ಬೇಗ ಸವೆಯುತ್ತವೆ. ಪಾಂಡವಪುರದ ಕಡೆ ನನ್ನ ಗದ್ದೆಗೆ ಹೋಗುವ ನಾಲೆ ಏರಿಯ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಕೊರೆದ ಜಾಡಿನಲ್ಲಿ ಡಿಫರೆನ್ಷಿಯಲ್ (ಆಕ್ಸಲ್ ಮೇಲಿನ ಗೇರಿನ ಉಬ್ಬು) ನೆಲಕ್ಕೆ ತಾಗದೆ ಸಾಗಬೇಕಿತ್ತು. ಅದನ್ನು ಎತ್ತುವುದು ದೊಡ್ಡ ಟೈರು ಮಾತ್ರ. ಉಳಿದ ಲಿಫ್ಟ್ ಎಲ್ಲವೂ ಆ ಟೈರಿಗೆ ಜಾಗ ಮಾಡಿಕೊಡಲು. ಮೊದಲಿದ್ದ 205/70 ಆರ್ 15 ಟೈರಿನ ವ್ಯಾಸ ಸುಮಾರು 668 ಮಿ.ಮೀ., ಹೊಸ 235/75 ಆರ್ 15ರದು 733. ಅರ್ಧದ ಲೆಕ್ಕದಲ್ಲಿ 32 ಮಿ.ಮೀ. ಲಾಭ. ಇದಕ್ಕೆ ಸಸ್ಪೆನ್ಷನ್‌ನಲ್ಲಿ ಎರಡು ಇಂಚು, ಬಾಡಿಯಲ್ಲಿ ಒಂದೂವರೆ ಇಂಚು ಸಾಕೆಂದು ನಾನು ಹಟ ಹಿಡಿದೆ.

ಗ್ಯಾರೇಜಿನವರು ಮೊದಲು ಹಾಕಿದ್ದು ನಾಲ್ಕು ಇಂಚು ಉದ್ದ ಹೆಚ್ಚಿಸಿದ ಶ್ಯಾಕಲ್, ಅಂದರೆ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ. ಎರಡು ಇಂಚು ಎತ್ತರವೇನೋ ಬಂತು, ಆದರೆ ಕ್ಯಾಸ್ಟರ್ (ಮುಂದಿನ ಗಾಲಿ ತಿರುಗುವ ಅಕ್ಷದ ಓರೆ) ಕೆಟ್ಟು, ತಿರುವು ಮುಗಿದ ಮೇಲೂ ಸ್ಟೀರಿಂಗ್ ನೇರಕ್ಕೆ ಮರಳಲಿಲ್ಲ. ಆ ಓರೆ ಸರಿಪಡಿಸಲು ಸ್ಪ್ರಿಂಗಿಗೂ ಆಕ್ಸಲ್‌ಗೂ ನಡುವೆ ಬೆಣೆ ಕೊಟ್ಟರೂ ಶ್ಯಾಕಲ್ ಪಕ್ಕಕ್ಕೆ ವಾಲುವುದು ನಿಲ್ಲಲಿಲ್ಲ. ಏಳೆಂಟು ಸಾವಿರ ಅಲ್ಲಿಗೇ ಹೋಯಿತು. ಕೊನೆಗೆ ಮೂಲ ಶ್ಯಾಕಲ್‌ಗಳನ್ನೇ ಮರಳಿ ಕಟ್ಟಿಸಿ, ಮಂಡ್ಯದಲ್ಲಿ ಲಾರಿ ಪಟ್ಟಿಗಳನ್ನು ಸೆಟ್ ಮಾಡುವ ಅಂಗಡಿಯಲ್ಲಿ ನಾಲ್ಕೂ ಸ್ಪ್ರಿಂಗ್‌ಗಳ ಕಮಾನು ಹೆಚ್ಚಿಸಿ, ಒಂದೊಂದು ಪಟ್ಟಿ ಸೇರಿಸಿದೆವು. ಯಾವ ಪಟ್ಟಿಯ ಕೆಳಗೆ, ಎಷ್ಟು ಉದ್ದದ್ದು ಎಂಬುದು ನನ್ನಲ್ಲೇ ಇರಲಿ. ಗಾಡಿ ಗಡುಸಾಗದಿರುವುದರ ಗುಟ್ಟು ಅದರಲ್ಲೇ ಇದೆ. ಪಟ್ಟಿಗಳ ತುದಿಗೆ ನೀಲಿ ಪ್ಲಾಸ್ಟಿಕ್ ಡ್ರಮ್ಮಿನ ತುಂಡುಗಳನ್ನು ಕತ್ತರಿಸಿ ಇಟ್ಟು ನೋಡಿದೆ. ಉಜ್ಜಾಟ ಕಡಿಮೆಯಾಗಿ ಸವಾರಿ ಬಹಳ ಮೃದುವಾಯಿತು. ಆದರೆ ಒಂದು ಮಳೆಗಾಲದ ಕೆಸರಿಗೆ ಅವು ಸವೆದುಹೋದವು.

ಬಾಡಿ ಲಿಫ್ಟಿಗೆ, ಅಂದರೆ ಚಾಸಿಯಿಂದ ಬಾಡಿಯನ್ನು ಮೇಲೆತ್ತಲು, ಕಬ್ಬಿಣದ ಪೈಪ್ ತುಂಡು ಹಾಕಿದ ಗಾಡಿಗಳಲ್ಲಿ ಮೌಂಟಿಂಗ್ ರಬ್ಬರ್ ಹರಿಯುವುದನ್ನು ಕಂಡಿದ್ದೆ. ಆದ್ದರಿಂದ ಗಟ್ಟಿ ನೈಲಾನ್ ಸರಳನ್ನು ಲೇತಿನಲ್ಲಿ ಟರ್ನ್ ಮಾಡಿಸಿ, ಉದ್ದದ ಹೈ ಟೆನ್ಸೈಲ್ ಬೋಲ್ಟ್ ಹಾಕಿಸಿದೆ. ರೇಡಿಯೇಟರ್ ಬಾಡಿಯೊಂದಿಗೆ ಮೇಲೇರಿ, ಫ್ಯಾನ್ ಎಂಜಿನ್ನಿನೊಂದಿಗೆ ಕೆಳಗೇ ಉಳಿದದ್ದರಿಂದ, ಸ್ಟಾರ್ಟ್ ಮಾಡಿದೊಡನೆ ಫ್ಯಾನಿನ ಸುತ್ತಲಿನ ಕವಚವಾದ ಶ್ರೌಡಿನ ಕೆಳ ಅಂಚಿಗೆ ರೆಕ್ಕೆ ಕಟಕಟನೆ ಬಡಿಯಿತು. ಆ ಅಂಚನ್ನು ಬೆರಳಗಲ ಕೊಯ್ದ ಮೇಲೆ ಸದ್ದು ನಿಂತಿತು. ಬ್ರೇಕ್ ಹೋಸ್‌ಗಳನ್ನು ಮಾತ್ರ ಅಂದಾಜಿನಲ್ಲಿ ಬಿಡಬಾರದು: ಆಕ್ಸಲ್ ಪೂರ್ತಿ ಜೋತುಬೀಳುವವರೆಗೆ ಚಾಸಿಯನ್ನು ಜ್ಯಾಕ್‌ನಲ್ಲಿ ಎತ್ತಿ, ಆ ಸ್ಥಿತಿಯಲ್ಲೂ ಸಡಿಲವಾಗಿರುವಷ್ಟು ಉದ್ದದ ಹೋಸ್ ಹಾಕಿಸಿದೆ.

ಟೈರು ಸುಮಾರು ಹತ್ತು ಶೇಕಡಾ ದೊಡ್ಡದಾದುದರಿಂದ ಸ್ಪೀಡೋಮೀಟರ್ ಹೆಚ್ಚುಕಡಿಮೆ ಅಷ್ಟೇ ಕಡಿಮೆ ತೋರಿಸುತ್ತದೆ, ಐದನೇ ಗೇರಿನಲ್ಲಿ ಎಳೆತ ತಗ್ಗಿದೆ. ನಿಧಾನಕ್ಕೆ ಹೆಚ್ಚು ಬಲ ಕೊಡುವ ಲೋ ರೇಂಜ್ ಗೇರಿನಲ್ಲಿ ತೊಂದರೆಯಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೂಲ ವಿವರಗಳ ಬದಲಾವಣೆಯನ್ನು ತಡೆಯುವುದರಿಂದ ಗಾಡಿ ಈಗ ಜಮೀನಿನಲ್ಲೇ ಇದ್ದು, ಆಫ್‌ರೋಡ್ ಟ್ರ್ಯಾಕಿಗೆ ಲಾರಿಯ ಮೇಲೆ ಹೋಗುತ್ತದೆ.

ಈ ಕೆಲಸಕ್ಕೆ ಬೆಂಗಳೂರಿನಲ್ಲಿ ಎರಡೂವರೆ ಲಕ್ಷ ಕೇಳಿದ್ದರು. ನನಗೆ ಟೈರಿಗೆ ನಲವತ್ತೈದು, ಸ್ಪ್ರಿಂಗಿಗೆ ಹತ್ತು, ನೈಲಾನ್ ಮತ್ತು ಲೇತಿಗೆ ಏಳು, ಶಾಕ್ ಅಬ್ಸಾರ್ಬರಿಗೆ ಹನ್ನೆರಡು, ಹಾಳಾದ ಶ್ಯಾಕಲ್ ಸೇರಿ ಎಂಬತ್ತು ಸಾವಿರದ ಆಸುಪಾಸು ಬಿತ್ತು. ಬಾಡಿ ಅಲುಗಾಡುತ್ತದೆ ಎಂದಿದ್ದ ಗೆಳೆಯರಿಬ್ಬರು ಕಳೆದ ತಿಂಗಳು ನೈಲಾನ್ ತುಂಡುಗಳ ಅಳತೆ ಬರೆದುಕೊಂಡು ಹೋದರು. ಮೊದಲ ನೂರು ಕಿಲೋಮೀಟರಿಗೆ, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳನ್ನು ಮತ್ತೆ ಬಿಗಿಯಲೇಬೇಕೆಂದು ಅವರಿಗೂ ಹೇಳಿದ್ದೇನೆ.