ಫಿಟ್ಸ್ ಗುಳಿಗಿ ತಗೊಳ್ಳೋರು ಕೊಲೆಸ್ಟ್ರಾಲ್ ಚೆಕ್ ಮಾಡ್ಸೋದು ಹೆಂಗ, ರಿಪೋರ್ಟ್ ಓದೋದು ಹೆಂಗ

ನನ್ನ ತಮ್ಮಗ 34 ವರ್ಷ, ಅಣ್ಣಿಗೇರಿಯಾಗ ಇರ್ತಾನ, ತೆಳ್ಳಗ ಅದಾನ, ದಿನಾ ಹೊಲದಾಗ ದುಡಿತಾನ, ಆದ್ರೂ ಹೋದ ವರ್ಷ ರಕ್ತ ಚೆಕ್ ಮಾಡಿಸಿದ್ರ ಕೊಲೆಸ್ಟ್ರಾಲ್ 248 ಬಂತು. ಮನ್ಯಾಗ ಎಲ್ಲಾರೂ ಮಿರ್ಚಿ ಭಜಿ ಮ್ಯಾಲೆ ತಪ್ಪು ಹಾಕಿದ್ರು, ಅವ್ವ ಶೇಂಗಾ ಚಟ್ನಿನೂ ಬಂದ್ ಮಾಡಿದ್ಲು. ಅಂವ 12 ವರ್ಷದಿಂದ ಎಪ್ಟಾಯಿನ್ ಅನ್ನೋ ಫಿಟ್ಸ್ ಗುಳಿಗಿ (ಒಳಗಿನ ಔಷಧ ಫೆನಿಟಾಯಿನ್) ನುಂಗಾಕತ್ತಾನ ಅನ್ನೋದು ಯಾರ ತಲ್ಯಾಗೂ ಬರಲಿಲ್ಲ.

ಅದಕ್ಕ ಮೊದಲ ಗುಳಿಗಿ ಶೀಟ್ ತಿರುವಿ ಹಿಂದಿರೋ ಸಣ್ಣ ಅಕ್ಷರ ಓದ್ರಿ. ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್ ಅಂತ ಇದ್ರ ಕೊಲೆಸ್ಟ್ರಾಲ್ ಚೆಕ್ ಮಾಡಿಸ್ರಿ, ಯಾಕಂದ್ರ ಈ ಗುಳಿಗಿ ಲಿವರ್‌ನಾಗಿನ ಎಂಜೈಮ್‌ಗಳ ಕೆಲಸ ಜೋರು ಮಾಡ್ತಾವ, ಅದರಾಗ ಕೊಲೆಸ್ಟ್ರಾಲ್ ತಯಾರ ಮಾಡೋ ಎಂಜೈಮೂ ಇರ್ತೈತಿ, ಹಂಗಾಗಿ ಎಣ್ಣಿ ಮುಟ್ಟದವ್ರಿಗೂ ಏರಬಹುದು. ವ್ಯಾಲ್ಪ್ರೋಯೇಟ್ ಇದ್ರ ದಾರಿ ಬ್ಯಾರೆ, ಹಸಿವಿ ಜಾಸ್ತಿ ಆಗಿ ತೂಕ ಏರ್ತೈತಿ, ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ಏರಬಹುದು. ಲೆವೆಟಿರಾಸಿಟಾಮ್, ಲ್ಯಾಮೋಟ್ರಿಜಿನ್‌ನಿಂದ ಸಾಮಾನ್ಯವಾಗಿ ಈ ಕಾಟ ಇರಂಗಿಲ್ಲ. 2009ರಾಗ ಬಂದ ಒಂದು ಅಧ್ಯಯನದಾಗ ಫೆನಿಟಾಯಿನ್ ಇಲ್ಲಾ ಕಾರ್ಬಮಜೆಪಿನ್ ಬಿಡಿಸಿ ಈ ಎರಡರಾಗ ಒಂದು ಕೊಟ್ರ 6 ವಾರದಾಗ ಕೊಲೆಸ್ಟ್ರಾಲ್ ಸರಾಸರಿ 25 ಅಂಕಿಯಷ್ಟು ಇಳಿದಿತ್ತು.

ಇಷ್ಟು ಓದಿ ನೀವ ಗುಳಿಗಿ ಬಿಡಬ್ಯಾಡ್ರಿ, ಕೈ ಮುಗಿದು ಹೇಳ್ತೀನಿ. ಕೊಲೆಸ್ಟ್ರಾಲ್ ತ್ರಾಸ ಕೊಡೋದು ವರ್ಷಗಟ್ಲೆ ಆದ ಮ್ಯಾಲೆ, ಗುಳಿಗಿ ತಟ್ಟನೆ ಬಿಟ್ರ ಫಿಟ್ಸ್ ಎರಡು ದಿನದಾಗ ಬರಬಹುದು, ಅದೂ ಬಾವಿ ದಂಡಿ ಮ್ಯಾಲೆ ನಿಂತಾಗೋ ಗಾಡಿ ಮ್ಯಾಲೆ ಇದ್ದಾಗೋ ಬಂದ್ರ ಏನ್ ಗತಿ. 5 ನಿಮಿಷ ಆದ್ರೂ ನಿಲ್ಲದ ಫಿಟ್ಸ್ ಜೀವಕ್ಕ ಕುತ್ತು, ಅಂಥಾದ್ರಾಗ ಕೈಯಾಗ ಕಬ್ಬಿಣ ಕೊಟ್ಕೊಂತ ಕುಂದ್ರಬ್ಯಾಡ್ರಿ, 108ಕ್ಕ ಫೋನ್ ಹಚ್ರಿ.

ಲ್ಯಾಬಿಗೆ ಹೋಗಿ ಲಿಪಿಡ್ ಪ್ರೊಫೈಲ್ ಅನ್ರಿ. ರಾತ್ರಿ ಉಂಡು 10-12 ತಾಸು ಖಾಲಿ ಹೊಟ್ಟಿ ಇರಬೇಕು ಅಂತಾರ, ಆದ್ರ ಉಪವಾಸ ಅಂತ ಮುಂಜಾನಿ ಗುಳಿಗಿ ತಪ್ಪಿಸಬ್ಯಾಡ್ರಿ, ನೀರಿನಾಗ ನುಂಗ್ರಿ. ರಕ್ತದಾಗ ಫಿಟ್ಸ್ ಗುಳಿಗಿ ಎಷ್ಟೈತಿ ಅಂತ ನೋಡೋ ಟೆಸ್ಟೂ ಅವತ್ತ ಇದ್ರ ಯಾವಾಗ ನುಂಗಬೇಕು ಅಂತ ಡಾಕ್ಟರನ್ನ ಮೊದಲ ಕೇಳ್ಕೊಳ್ರಿ. ಥೈರಾಯ್ಡೂ ಜೋಡಿಗೆ ಮಾಡಿಸೋದು ಚಲೋ, ಅದು ಕಡಿಮಿ ಇದ್ರೂ ಕೊಲೆಸ್ಟ್ರಾಲ್ ಏರ್ತೈತಿ.

ರಿಪೋರ್ಟ್ ಬಂದ ಮ್ಯಾಲೆ ಒಟ್ಟು ಅಂಕಿ ಒಂದ ನೋಡಿ ಗಾಬರಿ ಆಗಬ್ಯಾಡ್ರಿ. ಫೆನಿಟಾಯಿನ್ ಒಳ್ಳೆ ಕೊಲೆಸ್ಟ್ರಾಲ್, ಅಂದ್ರ ಎಚ್‌ಡಿಎಲ್ ಕೂಡ ಏರಿಸ್ತೈತಿ. ಒಟ್ಟಿನಾಗ ಎಚ್‌ಡಿಎಲ್ ಕಳೀರಿ, ತಮ್ಮಂದು 248ರಾಗ 62 ಹೋಗಿ 186 ಉಳೀತು, ಅದು 130ರ ಒಳಗ ಇದ್ರ ಚಲೋ, ಅಂದ್ರ ಅವಂದು ಖರೇನ ಜಾಸ್ತಿನ. ಟ್ರೈಗ್ಲಿಸರೈಡ್ 150ರ ಒಳಗ ಇರಬೇಕು.

ಆ ರಿಪೋರ್ಟ್ ಮತ್ತ ಮನ್ಯಾಗಿನ ಎಲ್ಲಾ ಗುಳಿಗಿ ಶೀಟ್ ಒಂದ ಚೀಲದಾಗ ಹಾಕ್ಕೊಂಡು ನಿಮ್ಮ ನರರೋಗದ ಡಾಕ್ಟರ್ ಕಡೆ ಹೋಗ್ರಿ. ನಾವು ಇದನ್ನ ಮಾಡಿರಲಿಲ್ಲ, ಬ್ಯಾರೆ ಒಬ್ಬ ಡಾಕ್ಟರ್ ಫಿಟ್ಸ್ ಗುಳಿಗಿ ವಿಷಯ ಕೇಳದ ಅಟೋರ್ವಾಸ್ಟಾಟಿನ್ ಅನ್ನೋ ಕೊಲೆಸ್ಟ್ರಾಲ್ ಇಳಿಸೋ ಗುಳಿಗಿ ಬರದ್ರು, ನಾವೂ ಹೇಳಲಿಲ್ಲ, ಮೂರು ತಿಂಗಳ ಆದ್ರೂ ಅಂಕಿ ಹೆಚ್ಚು ಇಳೀಲಿಲ್ಲ. ಎಪ್ಟಾಯಿನ್ ಇದ್ದಾಗ ಲಿವರ್ ಆ ಗುಳಿಗಿನ ಬೇಗ ಕರಗಿಸಿ ಹಾಕ್ತೈತಿ ಅಂತ ಆಮ್ಯಾಲೆ ಗೊತ್ತಾತು. ಹಂಗಾಗಿ "ಫಿಟ್ಸ್ ಗುಳಿಗಿ ಬದಲಿಸಬಹುದೇನ್ರಿ, ಬದಲಿಸದಿದ್ರ ಕೊಲೆಸ್ಟ್ರಾಲಿಗೆ ಯಾವ ಗುಳಿಗಿ ಇದರ ಜೋಡಿ ಹೊಂದತೈತ್ರಿ" ಅಂತ ಬಾಯಿ ಬಿಟ್ಟು ಕೇಳ್ರಿ. ಎಲ್ಲಾರಿಗೂ ಬದಲಿಸಂಗಿಲ್ಲ, ಫಿಟ್ಸ್ ನಿಂತವ್ರಿಗೆ ಬದಲಿಸಿದ್ರ ತಿರುಗಿ ಬರೋ ಅಂಜಿಕಿ ಇರ್ತೈತಿ.

ತಮ್ಮಂದು ವಿಚಾರ ಮಾಡಿ ನಿಧಾನಕ್ಕ ಬದಲಿಸಾಕತ್ತಾರ, ಹೊಸದು ಸ್ವಲ್ಪ ಸ್ವಲ್ಪ ಏರಿಸಿ ಹಳೇದು ಇಳಿಸ್ಕೊಂತ, ಇನ್ನೂ ರಾತ್ರಿ ಡೋಸ್ ಐತಿ. ಅಲ್ಲೀತನಕ ಬೈಕ್ ಮುಟ್ಟಂಗಿಲ್ಲ, ಬಾವಿ ಕಡೆ ಒಬ್ಬನ ಹೋಗಂಗಿಲ್ಲ. ಹಳೇ ಗುಳಿಗಿ ಪೂರ್ತಿ ನಿಂತು ಎರಡು ತಿಂಗಳ ಆದ ಮ್ಯಾಲೆ ಮತ್ತ ರಕ್ತ ಕೊಡೋದೈತಿ.