ಹುಣಸೆ ಬೀಜ ಹಂಚಿ ಐಎಂಎಫ್ ಪಾಠ ಮಾಡಿದ್ದು

ಐಎಂಎಫ್ (ಕಷ್ಟಕ್ಕೆ ಬಿದ್ದ ದೇಶಗಳಿಗೆ ಸಾಲ ಕೊಡುವ ಅಂತಾರಾಷ್ಟ್ರೀಯ ಹಣಕಾಸು ನಿಧಿ), ಬ್ರಿಕ್ಸ್ (ಭಾರತ, ಚೀನಾ, ರಷ್ಯಾ ಮುಂತಾದ ದೇಶಗಳ ಕೂಟ), ಜಿ20 (ದೊಡ್ಡ ಆರ್ಥಿಕತೆಗಳ ಕೂಟ) ಪಾಠ ಅಂದ್ರೆ ಬಿ.ಎ. ಮಕ್ಕಳಿಗೆ ಬೇಜಾರು. ಮೇಷ್ಟ್ರಿಗೂ ಅಷ್ಟೇ. ಸ್ಥಾಪನೆಯಾದ ವರ್ಷ, ಕೇಂದ್ರ ಕಚೇರಿ, ಉದ್ದೇಶಗಳು ಅಂತ ನೋಟ್ಸ್ ಬರೆಸಿದರೆ ಪಾಸಾಗುತ್ತಾರೆ. ಆದರೆ ಅಲ್ಲಿ ಭಾರತದ ಮಾತು ಎಷ್ಟು ನಡೆಯುತ್ತೆ ಅಂತ ಕೇಳಿ ನೋಡಿ, ಯಾರೂ ಬಾಯಿ ಬಿಡಲ್ಲ. ಅದಕ್ಕೇ ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನಲ್ಲಿ ನಾನು ಈಗ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತೇನೆ: ಅಲ್ಲಿ ‘ಆಗಲ್ಲ’ ಅಂತ ಹೇಳಿ ಕೆಲಸ ನಿಲ್ಲಿಸುವ ಶಕ್ತಿ ಯಾರಿಗಿದೆ?

ಮೊದಲು ಐಎಂಎಫ್. ಮಕ್ಕಳನ್ನು ಒಂದೊಂದು ದೇಶದ ಗುಂಪು ಮಾಡಿ 200 ಹುಣಸೆ ಬೀಜ ತರಿಸುತ್ತೇನೆ. ನಮ್ಮ ಕಡೆ ಅದಕ್ಕೇನು ಬರ? ಒಂದು ಬೀಜ ಅಂದ್ರೆ ಅರ್ಧ ಪರ್ಸೆಂಟ್ ಮತ. ಅಮೆರಿಕದ ಗುಂಪಿಗೆ 33, ಜಪಾನ್‌ಗೆ 12, ಚೀನಾಕ್ಕೆ 12. ಭಾರತಕ್ಕೆ 5. ಉಳಿದದ್ದು ಉಳಿದ ದೇಶಗಳಿಗೆ. ಐದು ಬೀಜ ಕೈಗೆ ಬಂದ ತಕ್ಷಣ ಜಗಳ ಶುರು. ‘ಸಾರ್, 140 ಕೋಟಿ ಜನ ಇದ್ದೀವಿ, ಇಷ್ಟೇನಾ?’ ಜನ ಎಣಿಸಿ ಕೊಡುವ ಮತ ಅಲ್ಲಪ್ಪ ಅದು. ಆರ್ಥಿಕತೆ ಎಷ್ಟು ದೊಡ್ಡದು, ವಿದೇಶಿ ವಹಿವಾಟು ಎಷ್ಟು, ಮೀಸಲು ಎಷ್ಟು ಅಂತೆಲ್ಲ ನೋಡಿ ಕೋಟಾ, ಅಂದ್ರೆ ಪ್ರತಿ ದೇಶ ನಿಧಿಗೆ ಹಾಕಬೇಕಾದ ಪಾಲು, ಗೊತ್ತು ಮಾಡುತ್ತಾರೆ, ಕೋಟಾ ನೋಡಿ ಮತ. ನಮ್ಮ ಪ್ರತಿನಿಧಿ ಬಾಂಗ್ಲಾದೇಶ, ಶ್ರೀಲಂಕಾ, ಭೂತಾನ್ ಪರವಾಗಿಯೂ ಮಾತಾಡುತ್ತಾರೆ. ಅವರನ್ನೆಲ್ಲ ಸೇರಿಸಿಕೊಂಡರೂ ಹೆಚ್ಚೆಂದರೆ ಇನ್ನೊಂದು ಬೀಜ.

ಆಮೇಲೆ ಕೋಟಾ ಬದಲಾಯಿಸುವ ನಿರ್ಣಯ ಮಂಡಿಸಲು ಹೇಳುತ್ತೇನೆ. ಅದಕ್ಕೆ 85 ಪರ್ಸೆಂಟ್ ಬೇಕು, ಅಂದ್ರೆ 170 ಬೀಜ. ಹೋದ ವರ್ಷ ಅಮೆರಿಕದ ಗುಂಪಿನ ಹುಡುಗಿ ಮುಷ್ಟಿ ಬಿಗಿ ಹಿಡಿದು ಸುಮ್ನೆ ಕೂತಳು. ಮಿಕ್ಕವರೆಲ್ಲ ಮೇಜಿನ ಮೇಲೆ ಬೀಜ ಸುರಿದು ಎಣಿಸಿದರು. 167. ಮತ್ತೆ ಎಣಿಸಿದರು. ವೀಟೋ, ಅಂದ್ರೆ ಒಬ್ಬರೇ ಎಲ್ಲರನ್ನೂ ತಡೆಯುವ ಶಕ್ತಿ, ಏನು ಅಂತ ನಾನು ಬೇರೆ ಹೇಳಬೇಕಾಗಲಿಲ್ಲ.

1991ರ ಕತೆ ಹೇಳಲು ಇದೇ ಸರಿಯಾದ ಸಮಯ. ಆ ವರ್ಷ ವಿದೇಶಿ ವಿನಿಮಯ ಬರಿದಾಗಿ ಸುಮಾರು 47 ಟನ್ ಚಿನ್ನ ಹೊರಗೆ ಅಡ ಇಟ್ಟೆವು, ಐಎಂಎಫ್ ಬಾಗಿಲಿಗೂ ಹೋದೆವು. 2009ರಲ್ಲಿ ಅದೇ ಐಎಂಎಫ್‌ನಿಂದ 200 ಟನ್ ಚಿನ್ನ ಕೊಂಡೆವು. ಹುಡುಗರಿಗೆ ಎರಡನೆಯದು ಖುಷಿ. ನನಗೆ ಮೊದಲನೆಯದೇ ಮುಖ್ಯ. ಕೈಯಲ್ಲಿ ಕಾಸಿಲ್ಲದಾಗ ಬೀಜ ಎಷ್ಟಿದ್ದರೇನು, ಷರತ್ತು ಹಾಕುವವರು ಅವರೇ ಅಲ್ವಾ?

ಬ್ರಿಕ್ಸ್ ಬ್ಯಾಂಕಿನ ಸುತ್ತು ಬೇಗ ಮುಗಿಯುತ್ತದೆ. 2014ರಲ್ಲಿ ಒಪ್ಪಂದ, ಶಾಂಘೈನಲ್ಲಿ ಕಚೇರಿ, ಮೊದಲ ಅಧ್ಯಕ್ಷರು ನಮ್ಮ ಮಂಗಳೂರಿನ ಕೆ.ವಿ. ಕಾಮತ್. ಶುರುವಿನಲ್ಲಿ ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾ ಐದೂ ದೇಶಕ್ಕೆ ಸಮಪಾಲು, ಅಂದ್ರೆ ತಲಾ 40 ಬೀಜ. ‘ಹಂಗಾದ್ರೆ ಐಎಂಎಫ್ ಯಾಕೆ ಬೇಕು ಸಾರ್?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಈ ಬ್ಯಾಂಕು ಸಾಲ ಕೊಡುವುದು ರಸ್ತೆ, ಮೆಟ್ರೋದಂಥ ಕಾಮಗಾರಿಗೆ. ವಿದೇಶಿ ವಿನಿಮಯ ಕೈಕೊಟ್ಟಾಗಿನ ಆಪತ್ತಿಗೆ ಬ್ರಿಕ್ಸ್‌ನಲ್ಲಿ 10,000 ಕೋಟಿ ಡಾಲರ್‌ನ ಬೇರೆ ವ್ಯವಸ್ಥೆ ಇದೆ. ಅದರಲ್ಲೂ ನಮಗೆ ನಿಗದಿಯಾದ ಮೊತ್ತದ 30 ಪರ್ಸೆಂಟ್ ಮೀರಿ ಬೇಕಾದರೆ ಐಎಂಎಫ್ ಕಾರ್ಯಕ್ರಮಕ್ಕೆ ಒಪ್ಪಿರಬೇಕು. ಇದನ್ನು ಕೇಳಿದಾಗ ಕ್ಲಾಸಿನಲ್ಲಿ ನಗು ಬರುತ್ತೆ.

ಜಿ20ಗೆ ಬಂದಾಗ ಬೀಜವೆಲ್ಲ ವಾಪಸ್ ತೆಗೆದುಕೊಳ್ಳುತ್ತೇನೆ. ಅಲ್ಲಿ ಮತದಾನವೇ ಇಲ್ಲ, ಎಲ್ಲರೂ ಒಪ್ಪಬೇಕು. ನಮಗೆ ಉದಾಹರಣೆ ದೂರ ಇಲ್ಲ. 2023ರ ಫೆಬ್ರವರಿ 24, 25ರಂದು ಹಣಕಾಸು ಸಚಿವರು, ಕೇಂದ್ರ ಬ್ಯಾಂಕ್ ಗವರ್ನರ್‌ಗಳ ಸಭೆ ನಡೆದದ್ದು ಪಕ್ಕದ ಬೆಂಗಳೂರಿನಲ್ಲೇ. ಅಧ್ಯಕ್ಷತೆ ಭಾರತದ್ದು. ಕೊನೆಗೆ ಜಂಟಿ ಹೇಳಿಕೆ ಬರಲಿಲ್ಲ, ಅಧ್ಯಕ್ಷರ ಸಾರಾಂಶ ಬಂತು. ಅದರ ಅಡಿಟಿಪ್ಪಣಿಯನ್ನು ನಾನು ಕ್ಲಾಸಿನಲ್ಲಿ ಓದಿಸುತ್ತೇನೆ: 3 ಮತ್ತು 4ನೇ ಪ್ಯಾರಾಗಳಿಗೆ ರಷ್ಯಾ, ಚೀನಾ ಬಿಟ್ಟು ಎಲ್ಲ ಸದಸ್ಯರ ಒಪ್ಪಿಗೆ ಇದೆ. ಆ ಪ್ಯಾರಾಗಳು ಉಕ್ರೇನ್ ಯುದ್ಧದ ಬಗ್ಗೆ. ಮೂರು ತಿಂಗಳ ಹಿಂದೆ ಬಾಲಿಯಲ್ಲಿ ನಾಯಕರೆಲ್ಲ ಒಪ್ಪಿದ್ದ ಮಾತುಗಳೇ!

ಈಗ ಮಕ್ಕಳ ಸರದಿ. ಬಡ ದೇಶಗಳ ಸಾಲದ ಬಗ್ಗೆ ಎಲ್ಲರೂ ಸಹಿ ಹಾಕುವಂಥ ಒಂದೇ ಪ್ಯಾರಾ ಬರೆಯಬೇಕು. ಚೀನಾದವರು ‘ನಾವು ಸಾಲ ಬಿಟ್ಟುಕೊಟ್ಟರೆ ವಿಶ್ವಬ್ಯಾಂಕೂ ಬಿಟ್ಟುಕೊಡಲಿ’ ಅನ್ನಬೇಕು. ಆಗ ಚೀನಾ ಹಿಡಿದಿದ್ದ ಪಟ್ಟೂ ಅದೇ. ಆಗ ಸಾಲ ತೀರಿಸಲಾಗದೆ ಒದ್ದಾಡುತ್ತಿದ್ದ ಆಫ್ರಿಕಾದ ಜಾಂಬಿಯಾಗೆ ಜಿ20ಯಲ್ಲಿ ಕುರ್ಚಿ ಇರಲಿಲ್ಲ. ಆ ಗುಂಪನ್ನು ಬಾಗಿಲ ಹತ್ತಿರ ಕೂರಿಸುತ್ತೇನೆ. ಆಫ್ರಿಕಾ ಒಕ್ಕೂಟಕ್ಕೆ ಸದಸ್ಯತ್ವ ಸಿಕ್ಕಿದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ದೆಹಲಿ ಶೃಂಗಸಭೆಯಲ್ಲಿ. ಬಾಗಿಲ ಹತ್ತಿರ ಕೂತವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತಾಗುತ್ತೆ.

ರೇಷ್ಮೆಗೆ ಹೆಸರಾದ ಶಿಡ್ಲಘಟ್ಟದ ಕಡೆಯವರು ಮಾತ್ರ ಪ್ರತಿ ಸಲ ಚೀನಾ ರೇಷ್ಮೆಗೇ ಬಂದು ನಿಲ್ಲುತ್ತಾರೆ. ಆಮದು ಸುಂಕ ಜಿ20ಯಲ್ಲಿ ತೀರ್ಮಾನವಾಗಲ್ಲ, ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ)ದಲ್ಲಿ ಒಪ್ಪಿಕೊಂಡ ಮಿತಿಯೊಳಗೆ ದೆಹಲಿಯೇ ಹಾಕುತ್ತೆ ಅಂತ ಹೇಳಿ ಮುಂದಕ್ಕೆ ಹೋಗುತ್ತೇನೆ. ಅದಕ್ಕೇ ಒಂದು ಪೀರಿಯಡ್ ಬೇಕು.

ನೀವೂ ಮಾಡಿಸುವುದಾದರೆ ಚುರುಕಿನ ಮಕ್ಕಳನ್ನೆಲ್ಲ ಭಾರತದ ಗುಂಪಿಗೆ ಹಾಕಬೇಡಿ. ರಷ್ಯಾ, ಚೀನಾಕ್ಕೆ ಹಾಕಿ. ‘ಆಗಲ್ಲ’ ಅನ್ನುವವರು ಗಟ್ಟಿ ಇಲ್ಲದಿದ್ದರೆ ಹತ್ತೇ ನಿಮಿಷದಲ್ಲಿ ಎಲ್ಲರೂ ಸಹಿ ಹಾಕಿ ಕ್ಯಾಂಟೀನಿಗೆ ಹೊರಡುತ್ತಾರೆ.