ಪೈಸೆ ಕಟ್ಟದೆ ನಿಮ್ಮ ಸಂಶೋಧನಾ ಪೇಪರನ್ನು ಎಲ್ಲರಿಗೂ ತೆರೆದಿಡುವುದು ಹೇಗೆ?

ಪೇಪರ್ ಒಪ್ಪಿಗೆಯಾದ ಖುಷಿಯಲ್ಲಿ ಸಿಹಿ ಹಂಚಿರುತ್ತೀರಿ. ಆಮೇಲೆ ಜರ್ನಲ್‌ನಿಂದ ಇನ್ನೊಂದು ಮೇಲ್ ಬರುತ್ತದೆ: ಎಲ್ಲರೂ ಉಚಿತವಾಗಿ ಓದಬೇಕಾದರೆ ಇಷ್ಟು ಕಟ್ಟಿ. 'ನೇಚರ್' 2020ರಲ್ಲಿ ಘೋಷಿಸಿದ ದರ 9,500 ಯೂರೋ! ಬರೆದವರಿಗೆ ದುಡ್ಡಿಲ್ಲ, ಪರಿಶೀಲಿಸಿದವರಿಗೂ ಇಲ್ಲ. ಕಟ್ಟಬೇಡಿ. ಬೇರೆ ದಾರಿ ಇದೆ.

ಮೊದಲು 'ಓಪನ್ ಪಾಲಿಸಿ ಫೈಂಡರ್' ತಾಣದಲ್ಲಿ ಜರ್ನಲ್ ಹೆಸರು ಹಾಕಿ. ಯಾವ ಪ್ರತಿಯನ್ನು, ಎಲ್ಲಿ, ಯಾವಾಗ ಹಾಕಬಹುದು ಅಂತ ಅದು ಹೇಳುತ್ತದೆ. ಹಳಬರಿಗೆ ಇದು 'ಶೆರ್ಪಾ ರೋಮಿಯೊ' ಅಂದರೆ ಗೊತ್ತಾಗುತ್ತದೆ.

ಎರಡನೆಯದು ಸರಿಯಾದ ಪ್ರತಿ ಹುಡುಕುವುದು. ಜಾಸ್ತಿ ಜನ ಎಡವುವುದು ಇಲ್ಲೇ. ಪ್ರತಿಗಳು ಮೂರು: ನೀವು ಮೊದಲು ಕಳಿಸಿದ್ದು, ತಿದ್ದುಪಡಿಯೆಲ್ಲ ಮುಗಿದು ಒಪ್ಪಿಗೆಯಾದದ್ದು, ಪ್ರಕಾಶಕರು ಅಂದವಾಗಿ ಜೋಡಿಸಿ ಅಚ್ಚು ಹಾಕಿದ್ದು. ಸಾಮಾನ್ಯವಾಗಿ ಅನುಮತಿ ಇರುವುದು ನಡುವಿನದಕ್ಕೆ. ನಮ್ಮವರು ಲೋಗೋ ಇರುವ ಮೂರನೆಯದನ್ನೇ ಏರಿಸಿ, ತೆಗೆಯಿರಿ ಅಂತ ನೋಟಿಸ್ ಬಂದಾಗ ಗಾಬರಿಯಾಗುತ್ತಾರೆ. ತಿದ್ದಲು ಕಳಿಸುವ ಪ್ರೂಫ್ ಕೂಡ ನಡುವಿನ ಪ್ರತಿ ಅಲ್ಲ, ಅದನ್ನು ಜೋಡಿಸಿದ್ದು ಪ್ರಕಾಶಕರು. ಹಾಗಾದರೆ ನಿಮ್ಮದು ಎಲ್ಲಿದೆ? ಯಾರದೋ ಲ್ಯಾಪ್‌ಟಾಪ್‌ನಲ್ಲಿ 'ಫೈನಲ್-ಫೈನಲ್-3' ಅಂತ ಮಲಗಿರುತ್ತದೆ. ಸಿಗದಿದ್ದರೆ ಪೇಪರ್ ಸಲ್ಲಿಸಿದ ಪೋರ್ಟಲ್‌ಗೆ ಲಾಗಿನ್ ಆಗಿ, ಕೊನೆಯ ಸಲ ಏರಿಸಿದ ವರ್ಡ್ ಫೈಲನ್ನೇ ಇಳಿಸಿಕೊಳ್ಳಿ. ಟ್ರ್ಯಾಕ್ ಚೇಂಜಸ್‌ನ ಕೆಂಪು ಗೆರೆ ಉಳಿದಿದೆಯಾ ನೋಡಿ. ಬೇರೆಯಾಗಿ ಕಳಿಸಿದ ಚಿತ್ರಗಳನ್ನು ಅವುಗಳ ಜಾಗದಲ್ಲಿ ಕೂರಿಸಿ. ಮೊದಲ ಪುಟದಲ್ಲಿ 'ಇದು ಒಪ್ಪಿಗೆಯಾದ ಪ್ರತಿ' ಎಂದು ಬರೆದು ಜರ್ನಲ್ ಹೆಸರು, ಡಿಒಐ (ಪ್ರತಿ ಪೇಪರಿಗೂ ಕೊಡುವ ಶಾಶ್ವತ ಗುರುತು ಸಂಖ್ಯೆ) ಕೊಂಡಿ ಕೊಡಿ. ಈ ಕೆಲಸ ಒಪ್ಪಿಗೆಯ ಮೇಲ್ ಬಂದ ದಿನವೇ ಆಗಲಿ. ಆರು ತಿಂಗಳು ಬಿಟ್ಟರೆ ಯಾರಿಗೂ ನೆನಪಿರಲ್ಲ.

ಕೆಲವರು ಇಷ್ಟೆಲ್ಲ ಯಾಕೆ ಅಂತ 'ಮೂರೇ ದಿನದಲ್ಲಿ ಪ್ರಕಟಣೆ' ಎನ್ನುವ ವಾಟ್ಸ್‌ಆ್ಯಪ್ ಜಾಹೀರಾತಿಗೆ ದುಡ್ಡು ಸುರಿಯುತ್ತಾರೆ. ಅದು ಜರ್ನಲ್ ಅಲ್ಲ, ಅಂಗಡಿ.

ಇಂತಿಷ್ಟು ತಿಂಗಳಾದ ಮೇಲೆಯೇ ತೆರೆದಿಡಬೇಕು ಅಂತ ಜರ್ನಲ್ ಕಾಯುವ ಅವಧಿ ಹಾಕಿದ್ದರೆ ಫೈಲನ್ನು ಈಗಲೇ ಏರಿಸಿ, ತೆರೆಯುವ ದಿನಾಂಕ ಮಾತ್ರ ಮುಂದಕ್ಕೆ ಹಾಕಿ.

ಎಲ್ಲಿ ಹಾಕುವುದು? ನಿಮ್ಮ ಸಂಸ್ಥೆಗೇ ಪೇಪರುಗಳನ್ನಿಡುವ ಆನ್ಲೈನ್ ಭಂಡಾರ ಇದ್ದರೆ ಅಲ್ಲಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2002ರಿಂದಲೇ ಇದೆ. ಭೌತಶಾಸ್ತ್ರ, ಗಣಿತ, ಕಂಪ್ಯೂಟರ್‌ನವರಿಗೆ 1991ರಲ್ಲಿ ಶುರುವಾದ 'ಆರ್ಕೈವ್' (arXiv) ತಾಣ ಇದೆ. ಎರಡೂ ಆಗದಿದ್ದರೆ ಯುರೋಪಿನ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್ ನಡೆಸುವ 'ಜೆನೊಡೊ' ತಾಣ. ಸುಮ್ನೆ ಗೂಗಲ್ ಡ್ರೈವ್ ಲಿಂಕ್ ಹಂಚಬೇಡಿ. ಕೆಲಸ ಬದಲಾದರೆ ಖಾತೆಯೂ ಹೋಗುತ್ತದೆ, ಅಲ್ವಾ?

ಕೆಲವು ವಾರ ಬಿಟ್ಟು ಗೂಗಲ್ ಸ್ಕಾಲರ್‌ನಲ್ಲಿ ನಿಮ್ಮ ಪೇಪರ್ ಹುಡುಕಿ. ಶೀರ್ಷಿಕೆಯ ಬಲಕ್ಕೆ ಪಿಡಿಎಫ್ ಕೊಂಡಿ ಕಾಣಬೇಕು. ಕಾಣದಿದ್ದರೆ, ನೀವು ಹಾಕಿದ ಪ್ರತಿಯ ಶೀರ್ಷಿಕೆ ಅಚ್ಚಾದದ್ದಕ್ಕಿಂತ ಬೇರೆ ಇದೆಯೇ ನೋಡಿ, ಇದ್ದರೆ ತಿದ್ದಿ.